ಲಿಫ್ಟಲ್ಲಿ ಸಿಕ್ಕಾಕ್ಕಂಡ ನಮ್ಮತ್ತೆ

...ಅದೇ ಕಣೇ ಭುವನಾ, ಐಟಿಐ ಸೇರುದ್ರೆ ಕೈಗೆ ಗ್ರೀಸ್ ಅಂಟ್ಕತದೆ ಅಂತ ಮೂತಿ ತಿರುಗುಸ್ತೀಯಲ್ಲ, ನಿನ್ ಕೈಗೇನು ಚಿನ್ನ ಬಳ್ದೈತಾ? ದಿನಾ ಆ ಫೋನ್ ತಿಕ್ಕಿ ತಿಕ್ಕಿ ಬೆರಳು ಸವ್ದೋಗೈತೆ. ಕೂತ್ಕ ಇಲ್ಲಿ, ನನ್ ಕತೆ ಏಳ್ತೀನಿ ಕೇಳು. ನಾನು ಸೇರ್ದಾಗ ಎಲೆಕ್ಟ್ರಿಷಿಯನ್ ಕ್ಲಾಸಲ್ಲಿ ನಾನೊಬ್ಳೇ ಉಡ್ಗಿ. ಪೆನ್ನಾಗರಂ ತಾವ ನಮ್ಮೂರು, ಅಲ್ಲಿಂದ ಧರ್ಮಪುರಿಗೆ ಬಸ್ಸು, ಬಸ್ಸಿಗೆ ಮುಂಚೆ ಕಾಡ್ ದಾರೀಲಿ ನಡಿಗೆ. ನಮ್ಮಪ್ಪ ಆಡು ಮೇಯಿಸ್ತಿದ್ರು. "ಲೇ ಪಾಪಮ್ಮ, ಮೋಟ್ರು ಬಿಚ್ಚೋ ಉಡ್ಗೀನ ಯಾವೋನ್ಲೇ ಕಟ್ಕತಾನೆ?" ಅನ್ನೋರು. ಅಂಗಂದ್ರೂ ಬ್ಯಾಡ ಅನ್ಲಿಲ್ಲ ನೋಡು, ಬಸ್ ಪಾಸ್ ಮರ್ತೋಗಿದ್ರೆ ಅವ್ರೇ ಓಡ್ಬಂದು ಕೊಡೋರು.

ಅಪ್ಪುರಂ, ಐಟಿಐ ಮುಗುದ್ ಮ್ಯಾಲೆ, ಎಂಪ್ಲಾಯ್ಮೆಂಟ್ ಆಫೀಸಲ್ಲಿ ಎಸ್ರು ಬರ್ಸಿ ಕಾದೆ ಕಾದೆ, ಅಷ್ಟು ವರ್ಸ ಕಾದೆ, ಊರೋರೆಲ್ಲ ಮರ್ತೇಬುಟ್ರು. ಆಮೇಲೆ ಬಂತು ಕೆಲ್ಸ. ಸೇಲಂ ಕಡೆ ಒಂದು ಸರ್ಕಾರಿ ಆಸ್ಪತ್ರೆ. ಜನರೇಟ್ರು, ಲಿಫ್ಟು, ನೀರಿನ್ ಮೋಟ್ರು, ಎಲ್ಲಾ ನಾವೇ ನೋಡ್ಕಬೇಕು. ಮೊದಲ್ನೇ ದಿನ ಫೋರ್ಮೆನ್ ನನ್ನ ಮ್ಯಾಲಿಂದ ಕೆಳುಕ್ ನೋಡಿ, "ಎನ್ನಮ್ಮಾ, ಟೈಪಿಂಗ್ ವೇಲೆಕ್ಕಾ ವಂದೆ?" ಅಂದ್ರು, ಟೈಪಿಂಗ್ ಕೆಲ್ಸುಕ್ಕೆ ಬಂದ್ಯಾ ಅಂತ. "ಇಲ್ಲೀಂಗ ಸಾರ್, ಜನರೇಟರುಕ್ಕು" ಅಂದೆ. ನಕ್ಕು ಎಣ್ಣೆ ಒರ್ಸೋ ಬಟ್ಟೆ ಕೊಟ್ರು. ಒರ್ಸಿದೆ. ಒರಸ್ತಾ ಒರಸ್ತಾನೇ ಆ ಮಿಷಿನ್ ನಂಗೆ ಪಳಕ ಆಗೋಯ್ತು. ಆಮೇಲಾಮೇಲೆ ಅವ್ರೇ ಕೂರ್ಸ್ಕಂಡು ಕಲಿಸ್ಕೊಟ್ರು, ಒಳ್ಳೇ ಮನುಸ.

ಆಗ ಬಂತು ನೋಡು ನಿಮ್ ತಾತನ ಸಂಬಂದ, ಮೇಟೂರ್ ಕಡೆಯಿಂದ. ಅಗೋ, ಕೇಳಿಸ್ದೇ ಇರೋ ಅಂಗೆ ಪೇಪರ್ ಇಡ್ಕಂಡವ್ರೆ ನೋಡು, ಆ ಹಾಳೆ ತಿರುಗ್ಸಿ ಎಷ್ಟೊತ್ತಾಯ್ತೋ! ಇವ್ರು ನನ್ನ ನೋಡಿ ಮಾತಾಡ್ಸ್ಕಂಡೋಗಿದ್ರು, ಇವ್ರಿಗೆ ಒಪ್ಗೆ. ಇವ್ರಮ್ಮ ಇದ್ರಲ್ಲ, ನಮ್ಮತ್ತೆ, ಅವ್ರಿಗೆ ಅನ್ಮಾನ. "ಉಡ್ಗಿ ಅದೆಂತಾ ಕೆಲ್ಸ ಮಾಡ್ತಾಳೆ, ಕಣ್ಣಾರೆ ನೋಡ್ಬೇಕು" ಅಂದ್ಬುಟ್ಟು, ಏಳ್ದೆ ಕೇಳ್ದೆ ಮಗನ್ನ ಕರ್ಕಂಡು ಆಸ್ಪತ್ರೆಗೇ ಬಂದ್ಬುಟ್ರು. ವಾಚ್‌ಮೆನ್ನು "ಮೇಲೆ ಇರುಕ್ಕಾಂಗ, ಪೋಂಗ" ಅಂದ್ನಂತೆ, ಮ್ಯಾಲವ್ಳೆ ಓಗಿ ಅಂತ. ಇಬ್ರೂ ಲಿಫ್ಟ್ ಅತ್ತುದ್ರು. ನಡುವ್ನಲ್ಲಿ ಕರೆಂಟ್ ಓಯ್ತು.

ಮಟಮಟ ಮದ್ಯಾನ. ಫೋರ್ಮೆನ್ ಊಟುಕ್ಕೆ ಮನೇಗೋಗವ್ರೆ. ನಾನು ಕೆಳ್ಗೆ ಬತ್ತಾ ಇದೀನಿ, ಲಿಫ್ಟ್ ಒಳ್ಗಿಂದ "ಯಾರ್ಲಾ ಅಲ್ಲಿ! ಬಾಗ್ಲು ತೆಗೀರ್ಲಾ!" ಅಂತ ಕೂಗು. ಸೇಲಂ ಆಸ್ಪತ್ರೇಲಿ ನಮ್ ಕನ್ನಡ ಮಾತು! ಅಷ್ಟ್ರಲ್ಲಿ ಇವ್ರ ಗಂಟ್ಲು, "ಅಮ್ಮಾ ಸುಮ್ನಿರು, ಪಾಪಮ್ಮ ಬತ್ತಾಳೆ." ನನ್ನ ನೋಡಕ್ ಬಂದೋರೇ ಒಳ್ಗೆ! ಅದೇ ಒತ್ಗೆ ಮ್ಯಾಲಿಂದ ನರ್ಸಮ್ಮ ಓಡ್ಬಂದ್ರು, "ಆಪರೇಷನ್ ನಡಕ್ಕುದು, ಸೀಕ್ರಂ!" ಬೇಗ ಕರೆಂಟ್ ಕೊಡು ಅಂತ. ಲಿಫ್ಟಲ್ಲಿ ನನ್ ಮದ್ವೆ ನಿಂತೈತೆ, ಮ್ಯಾಲೆ ಯಾರ್ದೋ ಪ್ರಾಣ. ಬಾಗ್ಲು ಸಂದೀಲಿ ಬಾಯಿಟ್ಟು, "ಅತ್ತೆ, ವಸಿ ನಿಂತಿರಿ, ಬತ್ತೀನಿ!" ಅಂತ ಕೂಗಿ ಓಡ್ದೆ. ಇನ್ನೂ ತಾಂಬೂಲನೇ ಆಗಿಲ್ಲ, ಆಗ್ಲೇ ಅತ್ತೆ ಅಂದ್ಬುಟ್ಟಿದೀನಿ!

ಜನರೇಟ್ರು ನೋಡುದ್ರೆ ಕೆಮ್ಮುತ್ತೆ, ನಿಲ್ಲುತ್ತೆ, ಕೆಮ್ಮುತ್ತೆ, ನಿಲ್ಲುತ್ತೆ. ನೋಡ್ತೀನಿ, ಬ್ಯಾಟ್ರಿ ವಯರ್ ಸಡ್ಲ. ಬಿಗಿ ಮಾಡಿ ಮತ್ತೆ ತಿರುಗಿಸ್ದೆ, ಇಡ್ಕಂತು. ತಕ್ಷಣ ಕರೆಂಟ್ ಕೊಡಂಗಿಲ್ಲ ಕಣೇ, ಮಿಷಿನ್ ಓಟ ಒಂದೇ ಸಮ ಆಗ್ಬೇಕು, ಆ ಕಾಯೋದೈತಲ್ಲ, ಅದೇ ಕಷ್ಟ. ಆಮೇಲೆ ಸ್ವಿಚ್ ಆಕ್ದೆ, ಆಪರೇಷನ್ ರೂಮ್ಗೆ ಲೈಟ್ ಬಂತು. ಆ ಅಳೇ ಜನರೇಟ್ರು ಲಿಫ್ಟ್ ಎಳಿಯಲ್ಲ. ಮೆಟ್ಲತ್ತಿ ಮ್ಯಾಲಿನ್ ಮಿಷಿನ್ ರೂಮ್ಗೆ ಓಗಿ, ವಾಚ್‌ಮೆನ್ ಕೈಲಿ ಬ್ರೇಕ್ ಸಡ್ಲ ಮಾಡಿ ಇಡಿಸಿ, ಚಕ್ರನ ಕೈಯಲ್ಲೇ ತಿರುಗ್ಸಿ ತಿರುಗ್ಸಿ ಲಿಫ್ಟ್ ಇಳಿಸ್ದೆ.

ಬಾಗ್ಲು ತೆಗುದ್ರೆ ನಮ್ಮತ್ತೆ ಮಕ ಕೆಂಪಗೆ. ಇವ್ರು ಇಂದೆ, ತಂದಿದ್ದ ಬಾಳೆಹಣ್ಣೆಲ್ಲ ಅಪ್ಕಂಡು ಹಿಸ್ಕಾಕ್ಬುಟ್ಟವ್ರೆ. "ಕೂಗ್ತಾನೇ ಇದೀವಿ, ಬುಟ್ಟು ಓಡೋಗ್ಬುಟ್ಯಲ್ಲ?" ಅಂದ್ರು ಅತ್ತೆ.

"ಮ್ಯಾಲೆ ಒಬ್ರ ಒಟ್ಟೆ ಕುಯ್ದು ಮಡ್ಗಿದ್ರು. ನೀವು ನಿಂತಿದ್ರಿ, ಅವ್ರು ಮಲ್ಗಿದ್ರು" ಅಂದೆ. ಮುಗೀತು ಸಂಬಂದ ಅನ್ಕಂಡೆ.

ಅತ್ತೆ ಕತ್ತೆತ್ತಿ ಮ್ಯಾಲ್ಕೆ ನೋಡುದ್ರು. ಆಮೇಲೆ, "ಕುಯ್ದಿದ್ದುಕ್ಕೆ ಒಲಿಗೆ ಆಕಿದ್ರಾ?" ಅಂದ್ರು.

"ಗೊತ್ತಿಲ್ಲ."

"ಓಗಿ ಕೇಳ್ಕಂಬಾ."

ಅಲ್ಲೇ ಮೆಟ್ಲ ಮ್ಯಾಲೆ ಕೂತ್ರು. ಆಪರೇಷನ್ ಆದ ಎಂಗ್ಸು ಉಳ್ಕಂಡ್ಲು ಅಂತ ಕೇಳೋವರ್ಗೂ ಅಲ್ಲಿಂದ ಏಳ್ಲಿಲ್ಲ. ಕೇಳಿ, ಸೆರಗು ಸರಿಮಾಡ್ಕಂಡು, ಮಗನ್ನ ಕರ್ಕಂಡು ಒಂಟೇಬುಟ್ರು. ಎಷ್ಟೋ ದಿನ ಸುದ್ದಿನೇ ಇಲ್ಲ. ನಮ್ಮಪ್ಪ ಆಡಿನ್ ತಾವ ಏಳ್ಕಂಡು ಅತ್ರಂತೆ. ಕಡೇಗೆ ಅತ್ತೆ ಆಳ್ ಕಳಿಸಿದ್ರು, ಮದ್ವೆ ಆಗ್ಲಿ, ಒಂದೇ ಮಾತು, ಉಡ್ಗಿ ಕೆಲ್ಸ ಬುಡಕೂಡ್ದು ಅಂತ. ನಮ್ಮಪ್ಪ ಬಂದೋನ್ನ ತಿರ್ಗಾ ತಿರ್ಗಾ ಕೇಳುದ್ರು, "ಬುಡಬೇಕು ಅಂದ್ರಾ, ಬುಡಕೂಡ್ದು ಅಂದ್ರಾ, ಸರಿಯಾಗ್ ಏಳಪ್ಪ!"

ಅಷ್ಟೇ ಕಣೇ ಭುವನಾ. ಕೂಗೋರಿಗೆ ಇನ್ನೂ ಉಸ್ರೈತೆ. ಕೂಗಕ್ಕಾಗ್ದೇ ಇರೋರ್ ತಾವ ಮೊದ್ಲು ಓಡು.