ಜಪಾನಿ ಅಕ್ಷರದ ಪಕ್ಕದ ಹೆಬ್ಬೆಟ್ಟು

ಹೆಸರು: ಪಂಚಶೀಲಾ, ತಂದೆ ಆನಂದಕುಮಾರ. ವಯಸ್ಸು: 31 ವರ್ಷ. ಜಾತಿ: ಬೌದ್ಧ. ಉದ್ಯೋಗ: ಗ್ರಾಫಿಕ್ ಡಿಸೈನರ್. ಸ್ವಂತ ಊರು: ಕಮಲಾಪುರ. ಹಾಲಿ ವಾಸ: ಸೂಪರ್ ಮಾರ್ಕೆಟ್ ಹಿಂಭಾಗ, ಕಲಬುರಗಿ.

ದಿನಾಂಕ 14-11-2025ರಂದು ನಾನೇ ಕೊಟ್ಟ ಕಳವಿನ ದೂರಿನ ಬಗ್ಗೆ ಇಂದು ಮಧ್ಯಾಹ್ನ 2:10ಕ್ಕೆ ಅಜ್ಜಿಯೊಂದಿಗೆ ಠಾಣೆಗೆ ಬಂದು, ಯಾರ ಒತ್ತಾಯವೂ ಇಲ್ಲದೆ ಬರೆಸುತ್ತಿರುವುದೇನೆಂದರೆ:

ಜೇವರ್ಗಿ ರಸ್ತೆಯಲ್ಲಿ ಅರುಣಕುಮಾರ ಎಂಬುವವರು ಹೊಸದಾಗಿ ಜಪಾನಿ ಹೋಟೆಲ್ ಮಾಡಿದ್ದಾರೆ. ಅವರ ಮನೆತನದ್ದು ತೊಗರಿಬೇಳೆ ವ್ಯಾಪಾರ. ಅಕ್ಟೋಬರ್ 20ರಂದು ನನ್ನ ಅಂಗಡಿಗೆ ಬಂದು ಲೋಗೊ ಮಾಡಿಕೊಡಲು ಹೇಳಿದರು. ನಾನು ಹತ್ತು ದಿನದಲ್ಲಿ ಮೂರು ನಮೂನೆ ಮಾಡಿ ತೋರಿಸಿದೆ. ಮೂರನ್ನೂ ಒಪ್ಪಲಿಲ್ಲ. "ಇವು ಔಷಧ ಡಬ್ಬಿ ಮ್ಯಾಲಿನ ಅಕ್ಷರ ಇದ್ದಂಗ ಅವ. ಕಂಪ್ಯೂಟರಿಂದು ಬ್ಯಾಡ್ರಿ. ಜಪಾನದವರು ಕೈಲೆ ಬರದದ್ದು ಬೇಕು. ಒಂದು ಕೂದಲೆಳಿ ಸೈತ ಫರಕ್ ಆಗಬಾರದು" ಎಂದು ಹೇಳಿದರು. ನನಗೆ ಸಿಟ್ಟು ಬಂತು. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಆದರೆ ಅವರು ಹೇಳಿದ್ದು ಸರಿಯಿತ್ತು.

ಅಂಥ ಅಕ್ಷರ ನಮ್ಮ ಮನೆಯಲ್ಲೇ ಇತ್ತು. 1995ರಲ್ಲಿ ಜಪಾನಿನ ಒಬ್ಬ ಭಿಕ್ಷು ಕಮಲಾಪುರದ ನಮ್ಮ ಮನೆಯಲ್ಲಿ ಎರಡು ರಾತ್ರಿ ಉಳಿದಿದ್ದರು. ಹೋಗುವ ದಿನ ಅಂಗಳದಲ್ಲಿ ಕುಳಿತು ಎರಡು ಅಡಿ ಉದ್ದ, ಒಂದೂವರೆ ಅಡಿ ಅಗಲದ ಕಾಗದದ ಮೇಲೆ ಕುಂಚದಿಂದ ಒಂದೇ ಅಕ್ಷರ ಬರೆದುಕೊಟ್ಟರು. ಅದನ್ನು 'ವಾ' ಎಂದು ಓದುತ್ತಾರೆ. ಕೂಡಿ ಬಾಳುವುದು ಎಂದರ್ಥ. ಬರೆಯುವಾಗ ಗಾಳಿ ಬೀಸಿ ಕಾಗದ ಏಳತೊಡಗಿದ್ದರಿಂದ ನನ್ನ ಅಜ್ಜ ಮಾಪಣ್ಣ ಮೂಲೆಯನ್ನು ಒತ್ತಿ ಹಿಡಿದರು. ಅವರ ಹೆಬ್ಬೆರಳಿಗೆ ಮಸಿ ಹತ್ತಿತ್ತು. ಕಾಗದದ ಕೆಳಗಿನ ಬಲ ಮೂಲೆಯಲ್ಲಿ ಗುರುತು ಬಿತ್ತು. ಅಜ್ಜ ಹೆದರಿದರಂತೆ. ಭಿಕ್ಷು ನಕ್ಕು, ಇದನ್ನು ಇಬ್ಬರು ಸೇರಿ ಬರೆದಂತಾಯಿತು ಎಂದರಂತೆ. ಮರುವರ್ಷ ನವೆಂಬರ್ 16ರಂದು ಅಜ್ಜ ತೀರಿಕೊಂಡರು. ಅವರ ಫೋಟೊ ಮನೆಯಲ್ಲಿ ಒಂದೂ ಇಲ್ಲ. ಇದ್ದದ್ದು ಆ ಹೆಬ್ಬೆಟ್ಟು ಮಾತ್ರ. ಅಜ್ಜಿ ಗುಂಡಮ್ಮ, ವಯಸ್ಸು 76, ಪ್ರತಿವರ್ಷ ಆ ದಿನ ಟ್ರಂಕಿನಿಂದ ಕಾಗದ ತೆಗೆದು, ಅಜ್ಜನ ಗುರುತಿನ ಮೇಲೆ ತನ್ನ ಹೆಬ್ಬೆರಳು ಇಟ್ಟು ಸ್ವಲ್ಪ ಹೊತ್ತು ಕೂಡುತ್ತಾಳೆ. ಆಮೇಲೆ ಬುದ್ಧರ ಮುಂದೆ ಮೇಣದಬತ್ತಿ ಹಚ್ಚುತ್ತಾಳೆ.

ನವೆಂಬರ್ 8ರಂದು ನಾನು ಕಮಲಾಪುರಕ್ಕೆ ಹೋಗಿ ಕಾಗದ ಕೇಳಿದೆ. ಅಜ್ಜಿ ಒಪ್ಪಲಿಲ್ಲ. ಎರಡು ತಾಸು ಕಾಡಿದೆ. 16ನೇ ತಾರೀಖಿನೊಳಗೆ ತಿರುಗಿ ತರುತ್ತೇನೆ, ಅಲ್ಲಿಯವರೆಗೆ ನನ್ನ ಕೈ ಬಿಟ್ಟು ಹೋಗುವುದಿಲ್ಲ ಎಂದು ಮಾತು ಕೊಟ್ಟೆ. ಆಗ ಕೊಟ್ಟಳು.

10ರಂದು ಅಂಗಡಿಯಲ್ಲಿ ಸ್ಕ್ಯಾನ್ ಮಾಡಿದೆ. ಅಕ್ಷರ ಚೆನ್ನಾಗಿ ಬಂತು. ಮೂಲೆಯ ಗುರುತು ಲೋಗೊಗೆ ಬೇಡವಾಗಿತ್ತು. ಕಂಪ್ಯೂಟರಿನಲ್ಲಿ ಅದನ್ನು ಅಳಿಸಿ, ಅದೇ ಫೈಲಿನ ಮೇಲೆ ಸೇವ್ ಮಾಡಿದೆ. ಮೂರು ನಿಮಿಷವೂ ಹಿಡಿಯಲಿಲ್ಲ. ಗುರುತಿದ್ದ ಸ್ಕ್ಯಾನ್ ಉಳಿಯಲಿಲ್ಲ, ಮೆನು ಕಾರ್ಡಿಗೂ ಅಳಿಸಿದ್ದೇ ಅಚ್ಚಾಯಿತು. ಇದನ್ನು ಠಾಣೆಯಲ್ಲಿ ಯಾರೂ ಕೇಳಿಲ್ಲ, ನಾನಾಗಿಯೇ ಬರೆಸುತ್ತಿದ್ದೇನೆ. 12ರಂದು ಅರುಣಕುಮಾರ ಅವರು ಮೂಲ ಕಾಗದ ನೋಡಿ, ಅದನ್ನು ಚೌಕಟ್ಟು ಹಾಕಿಸಿ ಹೋಟೆಲಿನಲ್ಲೇ ಇಡುವ ಆಸೆ ಇದೆ, ಕೊಡುತ್ತೀರಾ ಎಂದು ಎರಡು ಸಲ ಕೇಳಿದರು. ನಾನು ಆಗುವುದಿಲ್ಲ ಎಂದೆ.

ಕ್ಯಾಶ್ ಕೌಂಟರಿನ ಹಿಂದಿನ ಗೋಡೆಯ ಮೇಲೆ ಅದೇ ಅಕ್ಷರವನ್ನು ಅದೇ ಅಳತೆಯಲ್ಲಿ ಕೈಯಿಂದ ಬರೆಯುವ ಕೆಲಸವನ್ನು ರೋಜಾ ಬಡಾವಣೆಯ ಪೇಂಟರ್ ಲಾಲ್ ಅಹ್ಮದ್, ವಯಸ್ಸು 61, ಅವರಿಗೆ ಕೊಡಲಾಗಿತ್ತು. 14ರಂದು ಬೆಳಿಗ್ಗೆ 10:15ಕ್ಕೆ ನಾನು ಪ್ರಿಂಟ್ ಒಯ್ದು ಕೊಟ್ಟೆ. ಅವರು ನೋಡಿ, ಕುಂಚ ಒಣಗಿ ಎಳೆ ಎಳೆಯಾಗಿರುವುದು ಪ್ರಿಂಟಿನಲ್ಲಿ ಕಾಣುವುದಿಲ್ಲ, ಅಸಲಿ ಬೇಕು ಎಂದರು. ಅಸಲಿ ನನ್ನ ಬ್ಯಾಗಿನಲ್ಲೇ ಇತ್ತು. ನನಗೆ ಬೇರೆ ಕೆಲಸಕ್ಕೆ ತಡವಾಗುತ್ತಿತ್ತು. "ಇದರಾಗ ಇದ್ದಂಗ ಹೊಡೀರಿ ಚಾಚಾ" ಎಂದು ಹೇಳಿ, ಕಾಗದ ಅವರ ಕೈಗೆ ಕೊಟ್ಟು ಹೊರಟೆ. ನೋಡಿ ಬರೆಯಿರಿ ಎಂಬುದು ನನ್ನ ಮನಸ್ಸಿನಲ್ಲಿತ್ತು. ಬಾಯಲ್ಲಿ ಹೇಳಲಿಲ್ಲ.

ಮಧ್ಯಾಹ್ನ 1:40ಕ್ಕೆ ಬಂದಾಗ ಕಾಗದವೂ ಇರಲಿಲ್ಲ, ಲಾಲ್ ಅಹ್ಮದ್ ಅವರೂ ಇರಲಿಲ್ಲ. ಅವರ ಫೋನ್ ಬಂದ್ ಇತ್ತು. ಗೋಡೆಗೆ ಬಿಳಿ ಬಟ್ಟೆ ಕಟ್ಟಿತ್ತು. ಅರುಣಕುಮಾರ ಅವರನ್ನು ಕೇಳಿದೆ. ನಾನು ಕಾಗದ ಎಲ್ಲಿ ಎಂದಷ್ಟೇ ಕೇಳಿದ್ದೆ. ಅವರು "ನಾ ತಗೊಂಡಿಲ್ರೀ" ಎಂದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರು ಎಂದು ನನಗನಿಸಿತು. ಹೋಟೆಲಿನ ಒಳಗೆ, ಟೇಬಲ್ಲುಗಳ ಕೆಳಗೆ, ಅಡಿಗೆಮನೆಯಲ್ಲಿ, ಕಸದ ಬುಟ್ಟಿಯಲ್ಲಿ ಒಂದು ತಾಸು ಹುಡುಕಿದೆ. ಅಜ್ಜಿಗೆ ಏನು ಹೇಳಲಿ ಎಂಬುದೊಂದೇ ತಲೆಯಲ್ಲಿತ್ತು. ಸಿಟ್ಟಿನ ಕೈಗೆ ಬುದ್ಧಿ ಕೊಟ್ಟು 3:30ಕ್ಕೆ ಠಾಣೆಗೆ ಬಂದು, ಅರುಣಕುಮಾರ ಅವರೇ ಕಾಗದ ಕದ್ದಿದ್ದಾರೆ ಎಂದು ದೂರು ಕೊಟ್ಟೆ.

4:15ಕ್ಕೆ ಇಬ್ಬರು ಪೊಲೀಸರು ನನ್ನೊಂದಿಗೆ ಹೋಟೆಲಿಗೆ ಬಂದರು. ಒಂಬತ್ತು ಜನ ಕೆಲಸಗಾರರ ಎದುರು ಅರುಣಕುಮಾರ ಅವರ ಟೇಬಲ್ ಖಾನೆ, ಬ್ಯಾಗು, ಕಾರು ಎಲ್ಲ ತೆಗೆಸಿ ನೋಡಲಾಯಿತು. ಅವರು ಒಂದೊಂದನ್ನೇ ತೆಗೆದು ತೋರಿಸಿದರು. ಏನೂ ಸಿಗಲಿಲ್ಲ.

5:05ಕ್ಕೆ ಲಾಲ್ ಅಹ್ಮದ್ ಬಂದರು. ಬಗಲಲ್ಲಿ ಕಾಗದದ ಸುರುಳಿ ಇತ್ತು. ಶುಕ್ರವಾರವಾದ್ದರಿಂದ ನಮಾಜಿಗೂ ಆಮೇಲೆ ಊಟಕ್ಕೆ ಮನೆಗೂ ಹೋಗಿದ್ದಾಗಿಯೂ, ನಮಾಜಿನಲ್ಲಿ ಫೋನ್ ಬಂದ್ ಮಾಡಿದ್ದು ಚಾಲೂ ಮಾಡಲು ಮರೆತಿದ್ದಾಗಿಯೂ, ಖಾಕಾವನ್ನು ಕೆಲಸದ ಜಾಗದಲ್ಲಿ ಬಿಟ್ಟು ಹೋಗುವ ರಿವಾಜು ತಮ್ಮಲ್ಲಿ ಇಲ್ಲದ್ದರಿಂದ ಜೊತೆಗೆ ಒಯ್ದಿದ್ದಾಗಿಯೂ ಹೇಳಿದರು. ಖಾಕಾ ಎಂದರೆ ಗೆರೆಯುದ್ದಕ್ಕೂ ಸೂಜಿಯಿಂದ ತೂತು ಹೊಡೆದ ಕಾಗದ. ಅದನ್ನು ಗೋಡೆಗೆ ಹಚ್ಚಿ ಮೇಲೆ ನೀಲಿ ಪುಡಿಯ ಗಂಟು ತಟ್ಟಿದರೆ ಗೋಡೆಯ ಮೇಲೆ ಚುಕ್ಕಿಗಳು ಮೂಡುತ್ತವೆ. ಪೇಂಟರುಗಳಿಗೆ ಗೋಡೆಯ ಮೇಲೆ ಬರೆಯಬೇಕಾದ ಅಳತೆಯದೇ ಕಾಗದ ಕೊಟ್ಟರೆ ಅದು ಖಾಕಾಕ್ಕೇ ಕೊಟ್ಟದ್ದು. ಇದು ನನಗೆ ಗೊತ್ತಿರಬೇಕಿತ್ತು.

ಅವರು ಸುರುಳಿ ಬಿಚ್ಚಿದರು. ಅಕ್ಷರದ ತುಂಬ ತೂತು, ನೀಲಿ ಪುಡಿ. ಮೂಲೆಯ ಹೆಬ್ಬೆಟ್ಟಿನ ಒಂದೊಂದು ಗೆರೆಯನ್ನೂ ಸೂಜಿಯಿಂದ ಚುಚ್ಚಿದ್ದರು. "ಕೂದಲೆಳಿ ಫರಕ್ ಆಗಬಾರದಂತ ಸೇಠಜಿ ಹೇಳಿದ್ರು. ಇದ್ದಂಗ ಹೊಡೀರಿ ಅಂತ ನೀ ಹೇಳ್ದಿ ಬೇಟಿ. ನಾ ಏನೂ ಬಿಟ್ಟಿಲ್ಲ" ಎಂದು ಹೇಳಿ ಗೋಡೆಯ ಬಟ್ಟೆ ಸರಿಸಿದರು. ಅಕ್ಷರ ಇತ್ತು. ಅದರ ಕೆಳಗೆ ಬಲಕ್ಕೆ ಅಜ್ಜನ ಹೆಬ್ಬೆಟ್ಟು, ಹನ್ನೊಂದು ಗೆರೆಗಳೊಂದಿಗೆ, ಇದ್ದ ಅಳತೆಯಲ್ಲೇ ಇತ್ತು.

ಅರುಣಕುಮಾರ ಅವರು ಆ ಗುರುತನ್ನು ನೋಡಿ, ಮೆನು ಕಾರ್ಡಿನಲ್ಲಿ ಇಲ್ಲದ ಕಲೆ ಗೋಡೆಯ ಮೇಲೆ ಯಾಕೆ ಎಂದು ಕೇಳಿ, ಭಾನುವಾರ 11 ಗಂಟೆಗೆ ಉದ್ಘಾಟನೆ, ಅದಕ್ಕೆ ಮುಂಚೆ ಬಿಳಿ ಬಣ್ಣ ಹೊಡೆದು ಮುಚ್ಚಬೇಕು ಎಂದು ಲಾಲ್ ಅಹ್ಮದ್ ಅವರಿಗೆ ಹೇಳಿದರು. ನಂತರ ನನಗೆ "ಮಂದಿ ಮುಂದ ಕಳ್ಳ ಅಂದ್ರಿ. ನಿಮ್ಮ ಹಾಳಿ ನಿಮಗ ಸಿಕ್ತು. ಗ್ವಾಡಿ ನಂದು" ಎಂದರು. ಯಾವ ಮುಖ ಇಟ್ಟುಕೊಂಡು ಬೇಡಲಿ. ಕಾಗದ ಸುತ್ತಿಕೊಂಡು ಬಂದೆ.

15ರಂದು ಬೆಳಿಗ್ಗೆ 9:35ಕ್ಕೆ ಕಮಲಾಪುರ ತಲುಪಿ, ನಡೆದದ್ದೆಲ್ಲ ಹೇಳಿ ಕಾಗದ ಕೊಟ್ಟೆ. ಅಜ್ಜಿ ಅದನ್ನು ಬಾಗಿಲ ಬೆಳಕಿಗೆ ಹಿಡಿದಳು. ತೂತುಗಳಿಂದ ಬೆಳಕು ಬಂತು. ಮೂಲೆಯ ಮೇಲೆ ಹೆಬ್ಬೆರಳು ಇಟ್ಟಳು, ಬೆರಳಿಗೆ ನೀಲಿ ಪುಡಿ ಹತ್ತಿತು. "ನಿನ್ನ ಕೈ ಬಿಟ್ಟು ಹೋಗಂಗಿಲ್ಲ ಅಂದಿದ್ದಿ" ಎಂದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕಾಗದ ಸುತ್ತುತ್ತ "ಗ್ವಾಡಿ ಮ್ಯಾಲ ಅದ ಅಂದೆಲ್ಲ, ಖರೇನೇ ಹಂಗೇ ಅದೇನು?" ಎಂದು ಕೇಳಿದಳು. ಹಾಗೆಯೇ ಇದೆ, ಆದರೆ ನಾಳೆ ಮುಚ್ಚುತ್ತಾರೆ ಎಂದೆ.

ಇಂದು 16ರಂದು 8 ಗಂಟೆಯ ಬಸ್ಸಿಗೆ ಇಬ್ಬರೂ ಹೊರಟೆವು. ಮಹಾಗಾಂವ ಕ್ರಾಸಿನ ಹತ್ತಿರ ಬಸ್ಸು ಪಂಕ್ಚರ್ ಆಗಿ 40 ನಿಮಿಷ ನಿಂತಿತು. ಅಜ್ಜಿ ನನ್ನನ್ನು ಮೂರು ಸಲ ಟೈಮ್ ಕೇಳಿದಳು. ಲಾಲ್ ಅಹ್ಮದ್ ಅವರಿಗೆ ಫೋನ್ ಮಾಡಿ, ಅಜ್ಜಿ ಬಂದು ನೋಡುವವರೆಗೆ ಗುರುತು ಮುಚ್ಚಬೇಡಿ ಎಂದೆ. ಹಿಂದಿನಿಂದ ಅರುಣಕುಮಾರ ಅವರ ದನಿ ಕೇಳುತ್ತಿತ್ತು. "ಬಣ್ಣ ಇನ್ನಾ ಕೂಡಿಲ್ಲ ಸೇಠಜಿ, ಕೂಡಸಾಕತ್ತೀನಿ" ಎಂದು ನನಗೂ ಕೇಳುವಂತೆ ಅವರಿಗೆ ಹೇಳಿ ಫೋನ್ ಇಟ್ಟರು.

10:25ಕ್ಕೆ ಹೋಟೆಲ್ ತಲುಪಿದೆವು. ಲಾಲ್ ಅಹ್ಮದ್ ಬಿಳಿ ಬಣ್ಣದ ಡಬ್ಬಿಯಲ್ಲಿ ಕೋಲು ತಿರುಗಿಸುತ್ತಿದ್ದರು. ಒಂಬತ್ತೂವರೆಯಿಂದ ತಿರುಗಿಸುತ್ತಿದ್ದಾರೆ ಎಂದು ಆಮೇಲೆ ತಿಳಿಯಿತು. ಬೆಳಿಗ್ಗೆ ಅಕ್ಷರಕ್ಕೆ ಕಪ್ಪು ಬಣ್ಣದ ಎರಡನೇ ಕೈ ಹೊಡೆದಿದ್ದರು. ಹೆಬ್ಬೆಟ್ಟಿಗೂ ಹೊಡೆದಿದ್ದರು. ನಾನು ಮೊದಲು ಅರುಣಕುಮಾರ ಅವರಿಗೆ ಕೈಮುಗಿದು, ಅದೇ ಕೆಲಸಗಾರರ ಎದುರು, ಇವರು ಕಳ್ಳರಲ್ಲ, ತಪ್ಪು ನನ್ನದು ಎಂದು ಹೇಳಿದೆ. ಅಜ್ಜಿ ಚಪ್ಪಲಿ ಬಿಟ್ಟು ಗೋಡೆಯ ಹತ್ತಿರ ಹೋದಳು. ಕಣ್ಣು ಸಣ್ಣ ಮಾಡಿ ನೋಡಿದಳು. "ಹೌದು, ಅವರದೇ. ಈ ಕಡಿ ಕೊಯ್ದ ಗಾಯದ ಗೆರಿ ನೋಡು. ಬಾಳಿ ಗೊನಿ ಕಡಿಯಾಗ ಆಗಿದ್ದು" ಎಂದಳು. ಆ ಗೆರೆ ನನಗೆ ಇಷ್ಟು ವರ್ಷದಲ್ಲಿ ಕಂಡಿರಲಿಲ್ಲ.

ನಂತರ ಅರುಣಕುಮಾರ ಅವರ ಕಡೆ ತಿರುಗಿ "ಅಪ್ಪಾ, ಇವತ್ತ ಅವರು ಹೋದ ದಿನ. ಅಳಸೂದಿದ್ರ ನಾ ಮುಟ್ಟಿ ಹೋದಮ್ಯಾಗ ಅಳಸು" ಎಂದು ಹೇಳಿ, ಎಡಗೈ ಹೆಬ್ಬೆರಳನ್ನು ಆ ಗುರುತಿನ ಪಕ್ಕದಲ್ಲಿ ಒತ್ತಿ ನಿಂತಳು. ಕೈ ತೆಗೆದಾಗ ಗೋಡೆಯ ಮೇಲೆ ಎರಡು ಹೆಬ್ಬೆಟ್ಟು ಇದ್ದವು. ಬಗ್ಗಿ ನೋಡುವಾಗ ಕೈ ಅಕ್ಷರದ ಅಂಚಿಗೆ ತಾಗಿ ಹಸಿ ಬಣ್ಣ ಅವಳ ಬೆರಳಿಗೆ ಹತ್ತಿತ್ತು ಎಂಬುದನ್ನು ನಾವು ನೋಡಿರಲಿಲ್ಲ. ಅರುಣಕುಮಾರ ಅವರು ಎರಡನ್ನೂ ನೋಡಿದರು. ಆಮೇಲೆ ಲಾಲ್ ಅಹ್ಮದ್ ಅವರಿಗೆ "ಡಬ್ಬಿ ಮುಚ್ಚು" ಎಂದು ಹೇಳಿ, ಅಜ್ಜಿಗೆ ಕುರ್ಚಿ ತರಿಸಿದರು.

ಆದ್ದರಿಂದ ಅರುಣಕುಮಾರ ಅವರ ಮೇಲಿನ ನನ್ನ ದೂರು ಸುಳ್ಳು ಎಂದು ಒಪ್ಪಿ ಹಿಂಪಡೆಯುತ್ತೇನೆ. ಇಂದು ಠಾಣೆಗೆ ತಂದು ತೋರಿಸಿದ ಕಾಗದವನ್ನು ಕೇಸಿನ ಮುದ್ದೆಮಾಲು ಎಂದು ಇಟ್ಟುಕೊಳ್ಳದೆ ಅಜ್ಜಿಯ ಕೈಗೇ ಕೊಡಬೇಕೆಂದು ಕೋರುತ್ತೇನೆ. ಬರೆದದ್ದನ್ನು ಓದಿಸಿ ಕೇಳಿದ್ದೇನೆ. ನಾನು ಹೇಳಿದಂತೆಯೇ ಇದೆ, ನನ್ನನ್ನು ಉಳಿಸಿಕೊಳ್ಳಲು ಏನನ್ನೂ ಬಿಟ್ಟಿಲ್ಲ.

ಸ್ಥಳ: ಕಲಬುರಗಿ
ದಿನಾಂಕ: 16-11-2025
ಸಹಿ: ಪಂಚಶೀಲಾ

ಸಾಕ್ಷಿ: ಗುಂಡಮ್ಮ, ಗಂಡ ದಿವಂಗತ ಮಾಪಣ್ಣ, ಬಲಗೈ ಹೆಬ್ಬೆಟ್ಟಿನ ಗುರುತು.

ಷರಾ: ರೂಢಿಯಂತೆ ಎಡಗೈ ಹೆಬ್ಬೆಟ್ಟು ಕೇಳಲಾಯಿತು. ಅದಕ್ಕೆ ಗೋಡೆಯ ಬಣ್ಣ ಹತ್ತಿದೆ, ಇವತ್ತೊಂದು ದಿನ ತೊಳೆಯುವುದಿಲ್ಲ ಎಂದು ಸಾಕ್ಷಿ ತಿಳಿಸಿದ್ದರಿಂದ ಬಲಗೈಯದನ್ನು ಪಡೆಯಲಾಗಿದೆ.