ಹನ್ನೆರಡು ದಿನ ಮುಂಚೆ ಬಂದ ಕ್ಷಮೆ

ಸಭಾಧ್ಯಕ್ಷರೂ ಗಣಿ ಕಂಪನಿಯ ವ್ಯವಸ್ಥಾಪಕರೂ ಆದ ಸೋದರ ಡೆಲ್ಮರ್ ಟ್ಯಾಕೆಟ್ ಅವರೇ, ಪೂಜ್ಯ ಪಾದ್ರಿಗಳೇ, ಕೆಂಟಕಿಯ ಈ ಬೆಟ್ಟದ ಕೌಂಟಿಯ ನನ್ನ ಸಭಿಕರೇ,

ಮೂವತ್ತೊಂದು ವರ್ಷ ನಿಮ್ಮ ನ್ಯಾಯಾಲಯದ ಗುಮಾಸ್ತನಾಗಿ ಮುದ್ರೆಯೊತ್ತಿದ ಈ ಕೈಗೆ ಇಂದು ವಿಶ್ರಾಂತಿ. ಮನಸ್ಸಿಗೆ ಉಂಟೇ?

ಕೊನೆಯ ಸಾಲಿನಲ್ಲಿ ಸೋದರಿ ಆರ್ಡೆಲ್ಲಾ ಸ್ಟ್ಯಾಂಪರ್ ಕುಳಿತಿದ್ದಾರೆ. ಕಲ್ಲಿದ್ದಲು ತೊಳೆದ ಕೆಸರು ತಮ್ಮ ಬಾವಿಯನ್ನು ಕೆಡಿಸಿತೆಂದು ಅವರು ಹೊರರಾಜ್ಯದ ಕಂಪನಿಯ ಮೇಲೂ, ಅಂದು ಅದರ ಮೇಸ್ತ್ರಿಯಾಗಿದ್ದ ನಮ್ಮ ಅಧ್ಯಕ್ಷರ ಮೇಲೂ ದಾವೆ ಹೂಡಿದರು. ಪ್ರತಿವಾದಿಗಳಲ್ಲಿ ನಮ್ಮ ರಾಜ್ಯದವನೊಬ್ಬ ಇರುವವರೆಗೆ ದಾವೆ ನಮ್ಮ ನ್ಯಾಯಾಲಯದಲ್ಲೇ. ಅವನನ್ನು ಕೈಬಿಟ್ಟರೆ ಕಂಪನಿ ಅದನ್ನು ದೂರದ ಪಟ್ಟಣದ ಫೆಡರಲ್ ನ್ಯಾಯಾಲಯಕ್ಕೆ ಒಯ್ಯಬಹುದು. ಆದರೆ ದಾವೆ ಹೂಡಿ ವರ್ಷ ತುಂಬುವುದರೊಳಗೆ ಮಾತ್ರ.

ವರ್ಷ ತುಂಬಲು ಹನ್ನೆರಡು ದಿನ ಉಳಿದಿದ್ದಾಗ ನಮ್ಮ ಚರ್ಚಿನಲ್ಲಿ ಒಬ್ಬರ ಪಾದ ಒಬ್ಬರು ತೊಳೆಯುವ ಭಾನುವಾರ ಬಂದಿತು. ಮನಸ್ತಾಪ ಇಟ್ಟುಕೊಂಡು ಬೋಗುಣಿ ಮುಟ್ಟಬಾರದೆಂಬುದು ಹಿರಿಯರ ಕಟ್ಟಳೆ. ಅಧ್ಯಕ್ಷರ ಪತ್ನಿ ಆರ್ಡೆಲ್ಲಾರ ಕಾಲು ತೊಳೆಯುತ್ತ ಅತ್ತರು: “ಅಕ್ಕಾ, ನಮ್ಮನೆಯವ್ರ ಹೆಸ್ರು ಆ ಕಾಗ್ದದಿಂದ ತೆಗೆದ್ಬಿಡೇ!” ಧರ್ಮಸೇವಕನೆನಿಸಿಕೊಂಡ ನಾನು ದನಿಗೂಡಿಸಿದೆ: “ಬಿಟ್ಬಿಡಮ್ಮಾ, ನಮ್ಮೋನೇ ಅಲ್ವಾ?”

ಹನ್ನೆರಡು ದಿನ ತಡೆಯಿರೆಂದು ಆರ್ಡೆಲ್ಲಾರ ವಕೀಲರು ಗೋಗರೆದರಂತೆ. ಆಕೆಯ ಉತ್ತರ: “ಪಾದ ತೊಳಿಸ್ಕೊಂಡ್ಮೇಲೆ ದಿನ ಎಣಿಸ್ತಾ ಕೂರ್ಲಾ?”

ಸೋಮವಾರ ಹೆಸರು ತೆಗೆಸಿದರು. ಗುರುವಾರ ದಾವೆ ಫೆಡರಲ್ ನ್ಯಾಯಾಲಯಕ್ಕೆ ಹೋಯಿತೆಂಬ ನೋಟಿಸಿನ ಪ್ರತಿ ನನ್ನ ಮೇಜಿಗೆ ಬಂದಿತು. ಬೆರಳಚ್ಚಿನ ಮಸಿ ಅಷ್ಟು ಬೇಗ ಒಣಗುವುದುಂಟೇ? ಕಾಗದ ಮೊದಲೇ ಸಿದ್ಧವಿತ್ತೇ? ಆ ದೂರದ ಪಟ್ಟಣದ ಜ್ಯೂರಿಯಲ್ಲಿ ನಮ್ಮ ಬಾವಿಯ ನೀರನ್ನು ಮೂಸಿ ನೋಡಿದವರು ಒಬ್ಬರೂ ಇರಲಿಲ್ಲ. ದಾವೆ ಬಿದ್ದುಹೋಯಿತು. ಆರ್ಡೆಲ್ಲಾ ಇಂದಿಗೂ ನೀರನ್ನು ಡಬ್ಬಿಗಳಲ್ಲಿ ಹೊತ್ತು ತರುತ್ತಾರೆ. ನನಗೆ ಅಂದದ್ದು ಒಂದೇ ಮಾತು: “ಮುದ್ರೆ ಒತ್ತಿದ್ದೋನು ನೀನು. ತಾರೀಖು ನಿಂಗೆ ಗೊತ್ತಿರ್ಲಿಲ್ವೇನೋ, ತಮ್ಮಾ?”

ಗೊತ್ತಿತ್ತು. ಅಧ್ಯಕ್ಷರೇ, ಆ ಭಾನುವಾರಕ್ಕೆ ಮೂರು ದಿನ ಮುಂಚೆ ತಾವು ನನ್ನ ಕಿಟಕಿಗೆ ಬಂದು, “ಅಣ್ಣಾ, ಆರ್ಡೆಲ್ಲಾ ಕೇಸು ಯಾವತ್ತು ಹಾಕಿದ್ದು?” ಎಂದು ಕೇಳಿದಿರಿ. ನಾನು ದಫ್ತರ ತೆರೆದು ಹೇಳಿದೆ. ಏಕೆಂದು ಕೇಳಲಿಲ್ಲ. ಭಾನುವಾರ ಆ ಕಣ್ಣೀರು ಕಂಡಾಗಲೂ ಕೇಳಲಿಲ್ಲ.

ಬರುವ ತಿಂಗಳು ಪಾದ ತೊಳೆಯುವ ಭಾನುವಾರ ಮತ್ತೆ ಬರುತ್ತದೆ. ನಾವಿಬ್ಬರೂ ಎದುರುಬದುರು ಕೂರಬೇಕಾದವರು. ಬೋಗುಣಿ ಎತ್ತುವ ಮುನ್ನ ತಾರೀಖು ಕೇಳಿದ್ದೇಕೆಂದು ತಾವು ಆಕೆಗೆ ಹೇಳಿ. ಬಾಯಿ ಮುಚ್ಚಿಕೊಂಡಿದ್ದೇಕೆಂದು ನಾನು ಹೇಳುತ್ತೇನೆ. ಅಲ್ಲಿಯವರೆಗೆ ನನ್ನ ಪಾದಕ್ಕೆ ನಿಮ್ಮ ಕೈ ಬೇಡ.

ಕಂಪನಿ ಬಡಿಸಿದ ಮೆಕ್ಕೆಜೋಳದ ರೊಟ್ಟಿಗೂ ಕೋಳಿಗೂ, ತಾಳ್ಮೆಯಿಂದ ಆಲಿಸಿದ ತಮಗೂ ಕೃತಜ್ಞ. ಕೊನೆಯ ಸಾಲಿಗೆ ಮೊದಲು, ಉಳಿದವರಿಗೆ ಆಮೇಲೆ, ನಮಸ್ಕಾರ.