ಹದಿನಾಲ್ಕನೇ ಕಂಬ

“ಹಲೋ... ಹಲೋ, ಯಾರ್ರಿ ಮಾತಾಡೋದು? ನವಲಗುಂದ ಎಕ್ಸ್‌ಚೇಂಜ್ ಹೌದಲ್ರಿ?... ಹಾಂ? ಯಾರು?”

ದಾವೂದಸಾಬ ಹದಿನಾಲ್ಕನೇ ಕಂಬದ ತುದಿಯಲ್ಲಿ ಸೊಂಟದ ಪಟ್ಟಿಗೆ ಭಾರ ಹಾಕಿ ಜೋತುಬಿದ್ದಿದ್ದ. ಹಳ್ಳಿಗಳಿಗೆ ಟೆಲಿಫೋನ್ ತಂತಿ ಎಳೆಯುವ ಗುತ್ತಿಗೆ ಹಿಡಿದ ಕುಬೇರಪ್ಪನವರ ಪುಟ್ಟ ಕಂಪನಿಗೆ ಅವನು ಸೇರಿ ಮೂರು ತಿಂಗಳಾಗಿತ್ತು. ಹೆಗಲಿಗಿದ್ದ ಟೆಸ್ಟಿಂಗ್ ಪೆಟ್ಟಿಗೆಯ ಹಿಡಿ ತಿರುವಿದರೆ ಗಂಟೆ ತಂತಿಯ ಎರಡೂ ತುದಿಗೆ ಹೋಗುತ್ತಿತ್ತು. ಒಂದು ತುದಿ ನವಲಗುಂದ. ಇನ್ನೊಂದು, ಶಲವಡಿ ದಾರಿಯ ಶಂಭುಲಿಂಗಪ್ಪನ ಮನೆ. ಅಲ್ಲಿ ಆ ದಿನ ಮುಂಜಾನೆಯಷ್ಟೇ ಅವನು ಫೋನು ಕೂಡಿಸಿ ಬಂದಿದ್ದ. ಬೇಕಾಗಿದ್ದದ್ದು ನವಲಗುಂದ, ಎತ್ತಿದವಳು ಶಂಭುಲಿಂಗಪ್ಪನ ತಾಯಿ.

“ಕಸ್ತೂರೆವ್ವಾರ? ನಾನ್ರಿ, ದಾವೂದ. ಮುಂಜಾನಿ ಫೋನ್ ಹಚ್ಚಿ ಬಂದ್ನೆಲ್ಲ, ಅಂವ... ಹೌದ್ರಿ, ನಿಮ್ಮ ದನಿ ಅಗದಿ ಚೊಲೋ ಕೇಳಸ್ತೈತಿ. ಈಗ ಅದೆಲ್ಲಾ ಬ್ಯಾಡ್ರಿ. ಮೊದ್ಲ ಫೋನ್ ಇಡ್ರಿ.”

...

“ಸಿಟ್ಟಲ್ರಿ. ಕಿವಿಗೆ ಹಿಡದೀರೆಲ್ಲ, ಆ ಕರೇದು, ಅದನ್ನ ಇದ್ದಲ್ಲೇ ಮಲಗಿಸ್ರಿ, ಅಷ್ಟ. ನೀವು ಎತ್ತಿ ಹಿಡದ್ರ ನನ್ನ ಗಂಟಿ ನವಲಗುಂದಕ್ಕ ಮುಟ್ಟೂದಿಲ್ಲ. ನನಗ ದವಾಖಾನಿಗೆ ಹೇಳೂದೈತಿ.”

...

“ಯಾರಿಗೂ ಏನೂ ಆಗಿಲ್ರಿ... ಏನ್ ಸಪ್ಪಳ? ಹಾಂ, ಅದು ಕಂಬದ ಸಪ್ಪಳ್ರಿ. ಕಂಬಕ್ಕ ಬಡ್ಯಾಕತ್ತಾರ.”

...

“ಕೊಡ್ಲೀಲೆ ಬಡ್ಯಾಕತ್ತಾರ್ರಿ.”

ಕಬ್ಬಿಣದ ಕಂಬಕ್ಕೆ ಬಿದ್ದ ಒಂದೊಂದು ಏಟೂ ದಾವೂದನ ಹಲ್ಲಿನ ಬೇರಿನವರೆಗೆ ಏರುತ್ತಿತ್ತು. ಕೆಳಗೆ ಕೊಡಲಿ ಎತ್ತಿದವನು ಈರಬಸಪ್ಪ, ಕಸ್ತೂರೆವ್ವನ ಕಿರಿಯ ಮಗ. ಅವನಿಂದ ನಾಲ್ಕು ಮಾರು ಆಚೆ, ಬಿರುಕು ಬಿಟ್ಟ ಎರೆಮಣ್ಣಿನ ಮೇಲೆ ಹಿರಿಯ ಮಗ ಶಂಭುಲಿಂಗಪ್ಪ ಬಿದ್ದಿದ್ದ. ತೊಡೆ ಮೊಣಕಾಲಿನವರೆಗೆ ತೆರೆದುಕೊಂಡಿತ್ತು. ಧೋತರದ ಚುಂಗನ್ನು ಮುದ್ದೆ ಮಾಡಿ ಆ ಗಾಯದೊಳಗೆ ತಾನೇ ತುರುಕಿಕೊಳ್ಳುತ್ತಿದ್ದ. ರಕ್ತ ನಿಲ್ಲುತ್ತಿರಲಿಲ್ಲ. ಅವನ ಆಳು ಹತ್ತಿಕಟ್ಟಿಗೆಯ ರಾಶಿ ಹಾರಿ ಓಡಿಹೋಗಿ ಆಗಲೇ ಕಣ್ಮರೆಯಾಗಿದ್ದ.

ಇದಕ್ಕೆಲ್ಲ ಮೂಲ ದಾವೂದನ ಜಾಣತನ. ಕಂಬವನ್ನು ಅಣ್ಣತಮ್ಮಂದಿರ ಹೊಲಗಳ ನಡುವಿನ ಬದುವಿನ ಮೇಲೆಯೇ ಹುಗಿಯಬೇಕಿತ್ತು. ಬದುವಿನಲ್ಲಿ ಕಾಲು ಇಳಿಯುವಷ್ಟು ಬಿರುಕು ಕಂಡು, ಇಲ್ಲಿ ಹುಗಿದರೆ ಮೊದಲ ಮಳೆಗೇ ಮಲಗೀತು ಎಂದುಕೊಂಡು, ಯಾರನ್ನೂ ಕೇಳದೆ ಮೂರು ಮೊಳ ಈಚೆ, ತಮ್ಮನ ಹೊಲದ ಗಟ್ಟಿ ಗರಸು ನೆಲದಲ್ಲಿ ಹುಗಿದುಬಿಟ್ಟ. ಮರುದಿನವೇ ಅಣ್ಣ ಕಂಬದ ಬುಡದವರೆಗೆ ಕುಂಟೆ ಹೊಡೆದ. ಸರಕಾರದವರು ಕಂಬ ಹುಗಿದದ್ದೇ ಬದು ಎಂದು ಊರೆಲ್ಲ ಸಾರಿದ. ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು ಎನ್ನುವ ಮಾತು ಎಲ್ಲರಿಗೂ ಗೊತ್ತು; ಈ ಇಬ್ಬರಿಗೆ ಮೂರು ಮೊಳ ನೆಲ ಸಾಕಾಯಿತು. ಇಂದು ದಾವೂದ ಲೈನು ಪರೀಕ್ಷಿಸಲು ಕಂಬ ಹತ್ತಿದ್ದಾಗಲೇ ಅಣ್ಣ ಬಾರಕೋಲಿನಿಂದ ತಮ್ಮನ ಮುಖಕ್ಕೆ ಬೀಸಿದ. ತಮ್ಮ ಕೊಡಲಿ ಬೀಸಿದ.

“ಅವ್ವಾರ, ಮಾತು ಕೇಳ್ರಿ. ಇಡ್ರಿ. ನಿಮ್ಮ ಕಾಲಿಗೆ ಬೀಳ್ತೀನಿ, ಇಡ್ರಿ.”

...

“ಯಾರಿಗೆ ಬಿತ್ತು ಅಂದ್ರ... ಇಬ್ರೂ ನಿಂತಾರ್ರಿ. ಖರೇನ... ಮಾತಾಡಸ್ಲೇನು? ಹೆಂಗ್ ಮಾತಾಡಸ್ಲಿ, ನಾ ಮ್ಯಾಲೆ ಅದೀನಿ...”

ಮುದುಕಿ ಬಿಡಲಿಲ್ಲ. ದಾವೂದ ರಿಸೀವರನ್ನು ಕೆಳಮುಖ ಮಾಡಿ ಕೂಗಿದ: “ಈರಬಸಪ್ಪಾ, ನಿಮ್ಮವ್ವ ಲೈನಿನ್ಯಾಗ ಅದಾಳ! ಸಾಕ್ ಮಾಡೋ! ಅವನ ತೊಡಿಗೆ ಏನರ ಕಟ್ಟೋ!”

ಈರಬಸಪ್ಪ ಮುಖ ಎತ್ತಿದ. ಬಾರಕೋಲಿನ ಬರೆ ಕಣ್ಣಿನಿಂದ ಗದ್ದದವರೆಗೆ ಉಬ್ಬಿತ್ತು.

“ಕಂಬಾ ಹುಗಿದಾಂವ ನೀನಲೇ! ಇಳೀ ಕೆಳಗ! ಅವಂದ್ ಆತು, ಇನ್ನ ನಿಂದು!” ಎಂದು ಅರಚಿ ಮತ್ತೊಂದು ಏಟು ಹಾಕಿದ. ಕಂಬ ಅಲುಗಿತು. ದಾವೂದ ಎರಡೂ ಕೈಯಿಂದ ಕಂಬವನ್ನು ತಬ್ಬಿಕೊಂಡ. ಪ್ಯಾಂಟು ಒದ್ದೆಯಾದದ್ದು ಅವನಿಗೆ ಆಮೇಲೆ ತಿಳಿಯಿತು.

“ಕೇಳಿಸ್ತೇನ್ರಿ?... ಹೌದ್ರಿ. ಸಣ್ಣವನ ದನಿ... ದೊಡ್ಡವನ ದನಿ ಇಲ್ರಿ.”

...

“ಸುಳ್ಳ ಹೇಳೀನ್ರಿ, ತಪ್ಪಾತು. ಬಿದ್ದಾನ್ರಿ. ತೊಡಿಗೆ ಬಿದ್ದೈತಿ. ಉಸರ ಐತಿ, ಕೈ ಆಡಸಾಕತ್ತಾನ. ಅಳಬ್ಯಾಡ್ರಿ ಅವ್ವಾರ, ಅಳಾಕ ವ್ಯಾಳ್ಯಾ ಇಲ್ಲ. ದವಾಖಾನಿ ಜೀಪ್ ಬಂದ್ರ ಉಳೀತಾನ. ನೀವು ಇಟ್ರಿ ಅಂದ್ರ ಉಳೀತಾನ!”

...

“ಹಲೋ? ಇಟ್ರೇನ್ರಿ?... ಇಟ್ಟಿಲ್ಲ. ನಿಮ್ಮ ಉಸರ ಕೇಳಸ್ತೈತಿ. ಯಾಕ್ ಸುಮ್ಮನಾದ್ರಿ?”

...

“ಪೊಲೀಸ್ರು? ಹೌದ್ರಿ, ಅವರಿಗೂ ಹೇಳಬೇಕಾಗ್ತೈತಿ... ಸಣ್ಣವನ್ನ ಒಯ್ತಾರ್ರಿ. ಮತ್ತ ಒಯ್ಯದ ಬಿಡ್ತಾರೇನು?”

ಆಚೆ ಕಡೆ ಮುದುಕಿ ಏನೇನೋ ಹೇಳಿದಳು. ದಾವೂದನಿಗೆ ಸಿಟ್ಟು ಬಂತು, ಅದರ ಬೆನ್ನಿಗೆ ನಾಚಿಕೆಯೂ ಬಂತು. ನವಲಗುಂದದಲ್ಲಿ ಜಮಖಾನ ನೇಯುವ ತನ್ನ ತಾಯಿ ಮಲಿಕಾಬಿಯ ಕೈಗೆ ಯಾರಾದರೂ ಇಂಥ ಫೋನು ಕೊಟ್ಟಿದ್ದರೆ ಅವಳು ತಾನೇ ಏನು ಮಾಡುತ್ತಿದ್ದಳು?

“ಬರೇ ಡಾಕ್ಟರನ್ನ ಕರಿ ಅಂತೀರಿ. ಡಾಕ್ಟರ್ ಬರಿಗೈಲೆ ಬಂದ್ರ ಈರಬಸಪ್ಪ ಹತ್ರ ಬಿಡ್ತಾನೇನ್ರಿ? ಕೊಡ್ಲಿ ಇಳಿಸಾಕ ಯಾರರ ಬೇಕಲ್ರಿ?... ನಾ ಇಳಿಲ್ಯಾ? ಇಳಿದ್ರ ನನ್ನೂ ಕಡೀತಾನ್ರಿ. ಹೌದು, ನನಗ ಅಂಜಿಕಿ ಐತಿ. ನಾ ಅಂಜುಬುರಕ ಅದೀನಿ, ಆತಲ್ಲ?”

ಟಣ್. ಮತ್ತೆ ಟಣ್. ಕೊಡಲಿಯ ಬಾಯಿ ಮುರಿದು ಒಂದು ಚೂರು ಸಿಡಿಯಿತು. ಈರಬಸಪ್ಪ ತಿರುಗಿ, ಬಿದ್ದವನ ಪಕ್ಕೆಗೆ ಕಾಲಿನಿಂದ ಒದ್ದ. ಶಂಭುಲಿಂಗಪ್ಪ ಕೂಗಲೂ ಇಲ್ಲ. ದಾವೂದ ಕಣ್ಣು ಮುಚ್ಚಿಕೊಂಡ.

“ಏನಂದ್ರಿ?... ಹೌದ್ರಿ. ಕಂಬಾ ನಾನ ಹುಗಿದೆ. ನಿಮ್ಮ ದೊಡ್ಡ ಮಗ ಹೇಳಿದ್ದಿಲ್ರಿ, ಕಂಪನ್ಯಾಗೂ ಯಾರೂ ಹೇಳಿದ್ದಿಲ್ಲ. ಬದುವಿನ್ಯಾಗ ನಿಲ್ಲೂದಿಲ್ಲ ಅಂತ ನಾನ ಈಚೆ ಸರಿಸಿದೆ. ಮೂರ್ ಮೊಳಾ... ಬೈರಿ. ಎಷ್ಟರ ಬೈರಿ. ಆದ್ರ ಬೈದು ಇಡ್ರಿ.”

...

“ಅವ್ವಾರ, ನಾ ಬಲ್ಲೆ. ಇಬ್ರೂ ನಿಮ್ಮ ಹೊಟ್ಯಾಗ ಹುಟ್ಟಿದವ್ರು. ಯಾರನ್ನ ಬಿಡ್ರಿ ಅಂತ ನಾ ಹೇಳಾಕ ಆಗೂದಿಲ್ಲ. ಆದ್ರ ಒಬ್ಬಂವ ಸಾಯಾಕತ್ತಾನ್ರಿ, ಇನ್ನೊಬ್ಬಂವ ಸಾಯಾಕತ್ತಿಲ್ಲ.”

ಏಟು ನಿಂತದ್ದು ದಾವೂದನ ಗಮನಕ್ಕೆ ಬಂದದ್ದು ಆಗಲೇ. ಕಣ್ಣು ತೆರೆದು ಕೆಳಗೆ ನೋಡಿದ. ಧೋತರ ತುರುಕುತ್ತಿದ್ದ ಕೈ ಗಾಯ ಬಿಟ್ಟು ಮಣ್ಣಿನ ಮೇಲೆ ಅಂಗಾತ ಬಿದ್ದಿತ್ತು. ಈರಬಸಪ್ಪ ಕೊಡಲಿ ಒಗೆದು ಮೊಣಕಾಲೂರಿ ಕುಳಿತಿದ್ದ. ಅಣ್ಣನ ಗಲ್ಲ ಹಿಡಿದು ಆ ಕಡೆ ಈ ಕಡೆ ತಿರುವಿ ಅಲುಗಾಡಿಸಿದ. ಎದೆಗೆ ಕಿವಿ ಇಟ್ಟ. ತೆಗೆದು, ಮತ್ತೆ ಇಟ್ಟ.

“ಯಣ್ಣಾ,” ಎಂದ. “ಯಣ್ಣಾ, ಏಳೋ. ಆತೋ, ಏಳೋ.”

ಶಂಭುಲಿಂಗಪ್ಪನ ತೆರೆದ ಕಣ್ಣು ಬಿಸಿಲಿಗೆ ಮುಚ್ಚಲಿಲ್ಲ. ಈರಬಸಪ್ಪ ತನ್ನ ಹಣೆಯನ್ನು ನೆಲಕ್ಕೆ ಬಡಿದುಕೊಳ್ಳತೊಡಗಿದ.

ಅದೇ ಹೊತ್ತಿಗೆ ಕಸ್ತೂರೆವ್ವ ಮಾತಾಡಿದಳು. ಅವಳ ದನಿ ಈಗ ಗಟ್ಟಿಯಾಗಿತ್ತು.

“ಹಾಂ? ಏನಂದ್ರಿ?... ಪೊಲೀಸ್ರನ್ನೂ ಕರಿ ಅಂತೀರಿ... ಜೇಲಿಗೆ ಹೋದಾಂವ ಇವತ್ತಲ್ಲ ನಾಳಿ ತಿರುಗಿ ಬರ್ತಾನ... ಹೌದ್ರಿ... ಹೌದ್ರಿ ಅವ್ವಾರ, ಸತ್ತಾಂವ ಬರೂದಿಲ್ಲ...”

ಅವಳು ಒಬ್ಬ ಮಗನನ್ನು ಕೊಟ್ಟು ಇನ್ನೊಬ್ಬನನ್ನು ಉಳಿಸಿಕೊಂಡೆ ಎಂದುಕೊಂಡಿದ್ದಳು. ಆ ದೊಡ್ಡ ಮನೆಯಲ್ಲಿ ಅವಳ ಹತ್ತಿರ ಈ ಹೊತ್ತು ಯಾರಿದ್ದಾರೋ, ಇಲ್ಲವೋ.

“ಅವ್ವಾರ, ಮನ್ಯಾಗ ಮತ್ತ ಯಾರ್ ಅದಾರ್ರಿ?... ಯಾರೂ ಇಲ್ಲ?... ಇಲ್ರಿ, ತಡೀರಿ. ಈಗ ಇಡಬ್ಯಾಡ್ರಿ.”

...

“ಹೌದ್ರಿ, ನಾನ ಹೇಳಿದ್ದೆ ಇಡ್ರಿ ಅಂತ. ಈಗ ಬ್ಯಾಡ್ರಿ. ಹಂಗ ಹಿಡಕೊಂಡ ಕುಂದರ್ರಿ. ಜೀಪ್... ಜೀಪ್ ಆಮ್ಯಾಲೆ ಕರದ್ರಾತು, ಅವಸರ ಇಲ್ಲ... ಇಲ್ರಿ, ತಡಾ ಆಗೂದಿಲ್ಲ, ಇನ್ನ ತಡಾ ಅನ್ನೂದ... ಅವ್ವಾರ, ಇಡಬ್ಯಾಡ್ರಿ! ಕೇಳ್ರಿ, ಇಡಬ್ಯಾ...”

ಕಟ್ ಎಂದಿತು.